ಕುಡಿತ ಬಿಟ್ಟವರ ಯೋಗ ಸಂಜೆ ಆರಕ್ಕಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಪ್ರತಿವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನ ನಡೆಯುತ್ತದೆ. ಅದಾದ ಐದೇ ದಿನಕ್ಕೆ, ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನ ಬರುತ್ತದೆ. ಮೊದಲನೆಯದಕ್ಕೆ ಮೈದಾನದಲ್ಲಿ ಜಮಖಾನ ಹಾಸಿ ಮಕ್ಕಳಿಂದ ಸೂರ್ಯನಮಸ್ಕಾರ ಮಾಡಿಸಲಾಗುತ್ತದೆ. ಎರಡನೆಯದಕ್ಕೆ ಅದೇ ಮಕ್ಕಳ ಕೈಗೆ ಫಲಕ ಕೊಟ್ಟು ಊರಿನಲ್ಲಿ ಜಾಥಾ ಹೊರಡಿಸಲಾಗುತ್ತದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನಾನು ಎರಡಕ್ಕೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಸೀಟಿ ಊದಿ, ಕಾರ್ಯಕ್ರಮ ಮುಗಿಸಿಕೊಟ್ಟವನು. ಅಷ್ಟು ವರ್ಷಗಳಲ್ಲಿ ಯೋಗ ದಿನದ ವೇದಿಕೆಯಲ್ಲಿ ವ್ಯಸನದ ಮಾತಾಗಲಿ, ಮಾದಕ ವಸ್ತು ವಿರೋಧಿ ದಿನದ ವೇದಿಕೆಯಲ್ಲಿ ವ್ಯಸನಿಯ ದೇಹದ ಮಾತಾಗಲಿ ನನ್ನ ಕಿವಿಗೆ ಬಿದ್ದಿಲ್ಲ. ನಿವೃತ್ತಿಯ ನಂತರ ನಮ್ಮ ಭಾಗದ ಮದ್ಯವರ್ಜನ ಶಿಬಿರಗಳಲ್ಲಿ ಯೋಗ, ಉಸಿರಾಟದ ಅಭ್ಯಾಸ ಮತ್ತು ಆಟಗಳನ್ನು ನಡೆಸಿಕೊಡುತ್ತ ಬಂದಿರುವುದರಿಂದ, ಈ ಎರಡು ವಿಷಯಗಳು ಎಲ್ಲಿ ಸೇರಬೇಕು, ಎಲ್ಲಿ ಸೇರಬಾರದು ಎಂಬ ಬಗ್ಗೆ ನಾಲ್ಕು ಮಾತು ಬರೆಯಲು ಅವಕಾಶ ಕೋರುತ್ತೇನೆ.

ವ್ಯಸನಮುಕ್ತಿಯ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ಕಾಣದ ತಾಲ್ಲೂಕು ವಿರಳ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ‘ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿ’ ಎಂದು ಬೇಡಿದ ನೆನಪಿಗೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅದೇ ಆವರಣದಲ್ಲಿ ಯೋಗ ಮತ್ತು ಆಯುರ್ವೇದವನ್ನು ಆಧುನಿಕ ವೈದ್ಯಕೀಯದೊಡನೆ ಹೊಂದಿಸುವ ವಿಭಾಗವೂ ಇದೆ. ಇಷ್ಟೆಲ್ಲ ಇರುವ ರಾಜ್ಯವೇ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಇಟ್ಟುಕೊಂಡಿತ್ತು ಎಂಬುದನ್ನೂ ಮರೆಯುವಂತಿಲ್ಲ. ಆದರೆ ಅಬಕಾರಿ ನೀತಿ ನನ್ನ ಈ ಪತ್ರದ ವಿಷಯವಲ್ಲ.

ಕುಡಿತ ಬಿಡುವುದು ಮನಸ್ಸಿನ ಕೆಲಸ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ‘ಗಟ್ಟಿ ಮನಸ್ಸು ಮಾಡಬೇಕಪ್ಪ’ ಎಂಬುದು ಶಿಬಿರಕ್ಕೆ ಬರುವ ಪ್ರತಿಯೊಬ್ಬನೂ ಹೆಂಡತಿಯಿಂದ, ಅಣ್ಣನಿಂದ, ಊರ ಹಿರಿಯರಿಂದ ಕೇಳಿ ಕೇಳಿ ಸಾಕಾಗಿರುವ ಮಾತು. ನಿಜವಾಗಿ ಮೊದಲ ವಾರ ಅಲ್ಲಿ ನಡೆಯುವುದು ಪೂರ್ತಿಯಾಗಿ ದೇಹದ ಹೋರಾಟ. ಮದ್ಯವು ಮೆದುಳಿನಲ್ಲಿ ಶಾಂತಗೊಳಿಸುವ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತದೆ, ಉದ್ರೇಕಿಸುವ ರಾಸಾಯನಿಕದ ಕೆಲಸವನ್ನು ಅಡಗಿಸುತ್ತದೆ. ವರ್ಷಗಟ್ಟಲೆ ಕುಡಿದವನ ಮೆದುಳು ಈ ಸ್ಥಿತಿಗೆ ತನ್ನನ್ನು ಹೊಂದಿಸಿಕೊಂಡಿರುತ್ತದೆ. ಒಂದು ದಿನ ಏಕಾಏಕಿ ಮದ್ಯ ನಿಂತಾಗ ಅಡಗಿದ್ದ ಉದ್ರೇಕವೆಲ್ಲ ಒಮ್ಮೆಗೇ ಮೇಲೇಳುತ್ತದೆ: ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ಎದೆ ಬಡಿತ ಏರುತ್ತದೆ, ನಿದ್ರೆ ಹತ್ತಿರ ಸುಳಿಯುವುದಿಲ್ಲ. ಕೊನೆಯ ಬಾರಿ ಕುಡಿದ ಆರು ಗಂಟೆಯಿಂದ ಎರಡು ದಿನದ ಒಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪಿದಂತಾಗಿ, ಇಲ್ಲದ ಹುಳು, ಹಾವು, ಮನುಷ್ಯರು ಕಾಣತೊಡಗುತ್ತಾರೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯಬಲ್ಲದು. ನಮ್ಮ ಕಡೆ ಈ ಸ್ಥಿತಿಯಲ್ಲಿರುವವನನ್ನು ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸಲು ಕರೆದೊಯ್ಯುವುದು ಈಗಲೂ ಉಂಟು.

2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳಿಗೆ ಏಕಾಏಕಿ ಬೀಗ ಬಿದ್ದಾಗ ಇದು ಇಡೀ ರಾಜ್ಯಕ್ಕೆ ಕಾಣಿಸಿತು. ಫಿಟ್ಸ್ ಮತ್ತು ಭ್ರಾಂತಿಯಿಂದ ಆಸ್ಪತ್ರೆಗೆ ಬರುವವರ ಸಂಖ್ಯೆ ಏರಿದ್ದನ್ನು ಬೆಂಗಳೂರಿನ ವೈದ್ಯರು ಆಗಲೇ ದಾಖಲಿಸಿದರು. ಆದ್ದರಿಂದ ಮೊದಲ ವಾರದ ವಿಷಯದಲ್ಲಿ ನನ್ನದು ಒಂದೇ ನಿಲುವು: ದಿನವೂ ಕುಡಿಯುವವನು, ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೆ ‘ಒಂದು ಹಾಕಿದರೇ ಕೈ ನಿಲ್ಲುವುದು’ ಎನ್ನುವವನು, ವೈದ್ಯರ ಕಣ್ಣಳತೆಯಲ್ಲಿಯೇ ಕುಡಿತ ನಿಲ್ಲಿಸಬೇಕು. ಅವನಿಗೆ ಬೇಕಾದದ್ದು ನರಗಳ ಉದ್ರೇಕವನ್ನು ಹಂತಹಂತವಾಗಿ ಇಳಿಸುವ ಮಾತ್ರೆ, ಬಿ1 ಜೀವಸತ್ವವಾದ ಥಯಮಿನ್ ಚುಚ್ಚುಮದ್ದು, ನೀರು ಮತ್ತು ಲವಣಗಳ ಸಮತೋಲನ. ಪ್ರಾಣಾಯಾಮ ಫಿಟ್ಸನ್ನು ತಡೆಯುವುದಿಲ್ಲ. ಹಿಂದೊಮ್ಮೆ ಒಂದು ಶಿಬಿರದಲ್ಲಿ, ವೈದ್ಯರ ಭೇಟಿಗೆ ಇನ್ನೂ ಸಮಯವಿದೆ ಎಂದು, ಎರಡನೆಯ ದಿನದ ಬೆಳಿಗ್ಗೆ ಎಲ್ಲರನ್ನೂ ಆಸನಗಳಿಗೆ ನಿಲ್ಲಿಸುವಂತೆ ಆಯೋಜಕರು ಹೇಳಿದರು. ಮೂರನೆಯ ಸಾಲಿನಲ್ಲಿದ್ದ ಯುವಕನೊಬ್ಬ ಕೈ ಮೇಲೆತ್ತಿದವನು ಹಾಗೆಯೇ ಹಿಂದಕ್ಕೆ ಬಿದ್ದ. ಹಲ್ಲು ಕಚ್ಚಿಕೊಂಡು ಮೈಯೆಲ್ಲ ಸೆಟೆಯಿತು. ಕಲ್ಯಾಣ ಮಂಟಪದ ನೆಲ ಗಾರೆಯದ್ದು, ಅವನ ತಲೆ ಜಮಖಾನದ ಅಂಚಿನಲ್ಲಿತ್ತು. ಅವನು ಬದುಕಿ ಉಳಿದ. ಆದರೆ ವೈದ್ಯರು ಒಬ್ಬೊಬ್ಬರನ್ನೂ ನೋಡಿ ‘ಇವರು ನಿಲ್ಲಬಹುದು’ ಎಂದು ಹೇಳುವವರೆಗೆ ನಾನು ಯಾರನ್ನೂ ಚಾಪೆಯ ಮೇಲೆ ನಿಲ್ಲಿಸುವುದಿಲ್ಲ.

ಹಾಗಾದರೆ ದೇಹದ ಮೂಲಕ ನಡೆಯುವ ಅಭ್ಯಾಸಗಳಿಗೆ ಜಾಗ ಎಲ್ಲಿ? ಮಾತ್ರೆಯ ವಾರ ಮುಗಿದ ಮೇಲೆ ಶುರುವಾಗುವ ತಿಂಗಳುಗಳಲ್ಲಿ. ನಡುಕ ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ, ಮನೆಯವರು ‘ಸರಿಹೋದ’ ಎಂದು ನಿಟ್ಟುಸಿರು ಬಿಟ್ಟಿರುತ್ತಾರೆ. ಆದರೆ ನಿದ್ರೆ ಇನ್ನೂ ಚೂರುಚೂರಾಗಿರುತ್ತದೆ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ. ಇದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಮತ್ತೆ ಬಾಟಲಿಗೆ ಕೈ ಹೋಗುವುದು ಬಹುಪಾಲು ಈ ಅವಧಿಯಲ್ಲಿ, ಮತ್ತು ಕೈ ಹೋಗಲು ಕಾರಣ ಹಲವು ಬಾರಿ ತೀರಾ ದೈಹಿಕವಾದದ್ದು: ಮೂರು ರಾತ್ರಿ ನಿದ್ದೆ ಬರಲಿಲ್ಲ, ನಾಲ್ಕನೆಯ ಸಂಜೆ ಕುಡಿದ.

ಈ ಹಂತದಲ್ಲಿರುವವರ ದೇಹ ಹೇಗಿರುತ್ತದೆ ಎಂಬುದು ಹತ್ತಿರದಿಂದ ನೋಡಿದವರಿಗಷ್ಟೇ ಗೊತ್ತು. ಅಂಗಾಲು ಉರಿಯುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ಕುಡಿತ ಮತ್ತು ಪೌಷ್ಟಿಕಾಂಶದ ಕೊರತೆಯಿಂದ ಕಾಲಿನ ನರಗಳು ಸೊರಗಿರುತ್ತವೆ. ಎರಡೂ ಪಾದ ಜೋಡಿಸಿ ಕಣ್ಣು ಮುಚ್ಚಿ ಎಂದರೆ ಹಲವರು ತೂಗಾಡುತ್ತಾರೆ. ಅವರಿಗೆ ಒಂಟಿ ಕಾಲಿನ ವೃಕ್ಷಾಸನ ಹೇಳಿಕೊಟ್ಟರೆ ಬಿದ್ದು ನಗೆಪಾಟಲಾಗುತ್ತಾರೆ, ಮಾರನೆಯ ದಿನ ಬರುವುದಿಲ್ಲ. ಪದ್ಮಾಸನದ ಮಾತೂ ಬೇಡ. ನಾನು ಗೋಡೆಗೆ ಬೆನ್ನು ಆನಿಸಿ ಕೂರಿಸುತ್ತೇನೆ, ಆಗದವರಿಗೆ ಕುರ್ಚಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಮೂರು ಎಣಿಸುವಷ್ಟು ಹೊತ್ತು ಉಸಿರು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ಆರು ಎಣಿಸುವುದು ಮೊದಲಿಗೆ ಯಾರಿಂದಲೂ ಆಗುವುದಿಲ್ಲ. ಮೂರಕ್ಕೇ ಉಸಿರು ಮುಗಿದು ಮುಂದಿನದಕ್ಕೆ ಬಾಯಿ ತೆರೆಯುತ್ತಾರೆ. ಆಗ ಭ್ರಾಮರಿಯ ಗುಂಯ್‌ಗುಡುವಿಕೆ ಕೈಹಿಡಿಯುತ್ತದೆ, ಏಕೆಂದರೆ ದನಿ ಹೊರಡಿಸುವಾಗ ಉಸಿರು ತಾನಾಗಿಯೇ ನಿಧಾನವಾಗಿ ಹೊರಗೆ ಹೋಗುತ್ತದೆ. ನಿಶ್ವಾಸ ಉದ್ದವಾದಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ಇಳಿಯುತ್ತದೆ ಎಂಬುದು ಶರೀರಶಾಸ್ತ್ರದ ಪಾಠ. ಇದರಲ್ಲಿ ಪವಾಡವೇನೂ ಇಲ್ಲ. ಆದರೆ ಕುಡಿಯದೆಯೂ ತನ್ನ ಎದೆಬಡಿತವನ್ನು ತಾನೇ ಇಳಿಸಬಹುದು ಎಂದು ನಲವತ್ತು ದಾಟಿದ ಗಂಡಸೊಬ್ಬನಿಗೆ ಮೊದಲ ಬಾರಿ ಅರಿವಾದಾಗ ಅವನ ಮುಖದಲ್ಲಿ ಕಾಣುವ ಅಚ್ಚರಿ ಬೇರೆಯೇ. ‘ಮೇಷ್ಟ್ರೇ, ಇದಕ್ಕೆ ದುಡ್ಡು ಬೇಡವಲ್ಲ’ ಎಂದು ಒಬ್ಬರು ಕೇಳಿದ್ದರು.

ಇದೆಲ್ಲ ನಂಬಿಕೆಯ ಮಾತಾಯಿತು, ಪುರಾವೆ ಏನು ಎಂದು ಓದುಗರು ಕೇಳಬಹುದು, ಕೇಳಬೇಕು. ನಿಮ್ಹಾನ್ಸ್‌ನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮದ್ಯವ್ಯಸನದಿಂದ ದಾಖಲಾಗಿದ್ದ 60 ಮಂದಿಯನ್ನು ತೆಗೆದುಕೊಂಡು, ಒಂದು ವಾರದ ಔಷಧ ಚಿಕಿತ್ಸೆಯ ನಂತರ ಅರ್ಧದಷ್ಟು ಜನರಿಗೆ ಎರಡು ವಾರ ಸುದರ್ಶನ ಕ್ರಿಯಾ ಎಂಬ ಉಸಿರಾಟದ ಅಭ್ಯಾಸ ಮಾಡಿಸಿದ್ದರು. ಎರಡೂ ಗುಂಪಿನಲ್ಲಿ ಖಿನ್ನತೆ ಕಡಿಮೆಯಾಯಿತು, ಅಭ್ಯಾಸ ಮಾಡಿದವರಲ್ಲಿ ಅದು ಇನ್ನಷ್ಟು ತಗ್ಗಿತು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕೂಡ ಅವರಲ್ಲಿ ಹೆಚ್ಚು ಇಳಿಯಿತು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಅಭ್ಯಾಸ ಶುರುವಾದದ್ದು ಔಷಧದ ವಾರ ಮುಗಿದ ಮೇಲೆ, ಅದರ ಬದಲಿಗೆ ಅಲ್ಲ. ಮತ್ತು ಆ ಅಧ್ಯಯನ ಅಳೆದದ್ದು ಖಿನ್ನತೆಯನ್ನು, ಹಾರ್ಮೋನುಗಳನ್ನು. ವರ್ಷ ಕಳೆದ ಮೇಲೆ ಎಷ್ಟು ಮಂದಿ ಕುಡಿಯದೆ ಉಳಿದರು ಎಂಬುದನ್ನಲ್ಲ. ವ್ಯಾಯಾಮದ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರೂ ಹೆಚ್ಚುಕಡಿಮೆ ಹೀಗೆಯೇ ಹೇಳಿದ್ದಾರೆ: ದೇಹದ ಕಸುವು ಹೆಚ್ಚುತ್ತದೆ, ಖಿನ್ನತೆ ತಗ್ಗುತ್ತದೆ, ಆದರೆ ವ್ಯಾಯಾಮವೊಂದರಿಂದಲೇ ಕುಡಿಯುವ ಪ್ರಮಾಣ ಕಡಿಮೆಯಾಗುತ್ತದೆ ಎನ್ನಲು ಸ್ಪಷ್ಟ ಆಧಾರವಿಲ್ಲ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು ರೂಪಿಸಿದ ವಿಧಾನ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಕುಡಿಯುವ ತುಡಿತ ಬಂದಾಗ ಅದರೊಡನೆ ಗುದ್ದಾಡದೆ, ಅದು ಮೈಯಲ್ಲಿ ಎಲ್ಲಿ ಎದ್ದಿದೆ, ಹೇಗೆ ಏರುತ್ತಿದೆ, ಹೇಗೆ ಇಳಿಯುತ್ತಿದೆ ಎಂದು ಗಮನಿಸುತ್ತ ಕೂರುವುದನ್ನು ಅವರು ಕಲಿಸುತ್ತಾರೆ. 2014ರಲ್ಲಿ ಪ್ರಕಟವಾದ, 286 ಮಂದಿ ಭಾಗವಹಿಸಿದ ಪ್ರಯೋಗದಲ್ಲಿ, ಒಂದು ವರ್ಷದ ಹೊತ್ತಿಗೆ ಈ ಅಭ್ಯಾಸ ಕಲಿತವರು ಉಳಿದವರಿಗಿಂತ ಕಡಿಮೆ ದಿನ ಮಾದಕ ವಸ್ತು ಬಳಸಿದ್ದರು ಎಂದು ಕಂಡುಬಂತು. ಅವರೆಲ್ಲ ಮೊದಲ ಹಂತದ ಚಿಕಿತ್ಸೆಯನ್ನು ಮುಗಿಸಿಕೊಂಡೇ ಬಂದವರು ಎಂಬುದು ಇಲ್ಲಿಯೂ ಗಮನಾರ್ಹ. ನಮ್ಮ ಶಿಬಿರಾರ್ಥಿಗಳಿಗೆ ನಾನು ಕೇಳುವುದೂ ಅದನ್ನೇ: ‘ಕುಡೀಬೇಕು ಅನ್ನಿಸಿದಾಗ ಮೊದಲು ಎಲ್ಲಿ ಗೊತ್ತಾಗುತ್ತದೆ?’ ಗಂಟಲು ಎನ್ನುತ್ತಾರೆ ಹಲವರು. ಅಂಗೈ ತಣ್ಣಗಾಗುತ್ತದೆ ಎನ್ನುವವರಿದ್ದಾರೆ. ಹೊಟ್ಟೆಯಲ್ಲಿ ಏನೋ ತಿರುಚಿದಂತಾಗುತ್ತದೆ ಎನ್ನುವವರೂ ಇದ್ದಾರೆ. ಮೈ ಕೊಡುವ ಈ ಸುಳಿವನ್ನು ಮೊದಲೇ ಗುರುತಿಸಿದವನಿಗೆ ಅಂಗಡಿಯ ಬಾಗಿಲು ತಲುಪುವ ಮೊದಲು ಒಂದಿಷ್ಟು ಸಮಯ ಸಿಗುತ್ತದೆ.

ಹಾಗೆಂದು ‘ಸಮಗ್ರ ಚಿಕಿತ್ಸೆ’ ಎಂಬ ಹಣೆಪಟ್ಟಿ ಹೊತ್ತದ್ದೆಲ್ಲ ಪರೀಕ್ಷೆಯಲ್ಲಿ ಗೆದ್ದಿಲ್ಲ. ಕಿವಿಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್‌ನ ಕಥೆಯನ್ನೇ ನೋಡಿ. 1970ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನ ಶಸ್ತ್ರವೈದ್ಯ ಎಚ್. ಎಲ್. ವೆನ್ ಅವರಿಗೆ, ಬೇರೆ ಕಾರಣಕ್ಕೆ ಸೂಜಿ ಚುಚ್ಚಿಸಿಕೊಂಡ ಅಫೀಮು ವ್ಯಸನಿಗಳ ಸಂಕಟ ಕಡಿಮೆಯಾದದ್ದು ಕಂಡಿತು. ಅಲ್ಲಿಂದ ಅದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಲಿಂಕನ್ ಆಸ್ಪತ್ರೆಗೆ ಹೋಗಿ, ಕಿವಿಯ ಐದು ಬಿಂದುಗಳ ಪದ್ಧತಿಯಾಗಿ ಜಗತ್ತಿನ ಅನೇಕ ಕಡೆ ಹಬ್ಬಿತು. ಆದರೆ 620 ಕೊಕೇನ್ ವ್ಯಸನಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಸರಿಯಾದ ಜಾಗಕ್ಕೆ ಚುಚ್ಚಿದ ಸೂಜಿಗೂ ತಪ್ಪು ಜಾಗಕ್ಕೆ ಚುಚ್ಚಿದ ಸೂಜಿಗೂ ಸುಮ್ಮನೆ ವಿಶ್ರಾಂತಿಯ ವಿಡಿಯೊ ತೋರಿಸಿದ್ದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಂತವಾದ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂತದ್ದೇ ಹಿತವೆನಿಸಿದರೆ ಅದಕ್ಕೂ ಬೆಲೆಯಿದೆ. ಆದರೆ ಅದಕ್ಕೆ ಸೂಜಿಯ ಶುಲ್ಕ ಕೊಡಬೇಕಾಗಿಲ್ಲ. ನಗರಗಳ ಸುತ್ತ ತಲೆಯೆತ್ತಿರುವ ದುಬಾರಿ ಪುನರ್ವಸತಿ ಕೇಂದ್ರಗಳ ಕರಪತ್ರಗಳಲ್ಲಿ ಶಿರೋಧಾರಾ, ಸುಗಂಧ ಚಿಕಿತ್ಸೆ, ನಾದ ಚಿಕಿತ್ಸೆ ಎಂದೆಲ್ಲ ಸಾಲುಸಾಲಾಗಿ ಇರುತ್ತದೆ. ಮನೋವೈದ್ಯರು ವಾರಕ್ಕೆ ಎಷ್ಟು ಬಾರಿ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರಿರುತ್ತಾರೆ ಎಂಬುದು ಇರುವುದಿಲ್ಲ.

ಆಯುರ್ವೇದದ ಹೆಸರು ಹೇಳಿ ಎಲ್ಲವನ್ನೂ ಮಾರುವವರಿಗೆ ಒಂದು ಮಾತು ನೆನಪಿಸಬೇಕು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯಕ್ಕೆಂದೇ, ಅಂದರೆ ಅತಿ ಕುಡಿತದಿಂದ ಬರುವ ಕಾಯಿಲೆಗೆಂದೇ, ಒಂದು ಇಡೀ ಅಧ್ಯಾಯವಿದೆ. ಕುಡಿಯುವುದನ್ನು ಬಿಟ್ಟವನು ಮತ್ತೆ ಏಕಾಏಕಿ ಅತಿಯಾಗಿ ಕುಡಿದರೆ ಬರುವ ತೊಂದರೆಯನ್ನು ಅಲ್ಲಿ ಪ್ರತ್ಯೇಕವಾಗಿಯೇ ವರ್ಣಿಸಲಾಗಿದೆ. ಅಷ್ಟು ಎಚ್ಚರಿಕೆಯಿಂದ ನೋಡಿದ ಪರಂಪರೆಯೊಂದನ್ನು ‘ಏಳು ದಿನದಲ್ಲಿ ದೇಹಶುದ್ಧಿ’ ಎಂಬ ಪ್ಯಾಕೇಜಿಗೆ ಇಳಿಸುವುದು ಆ ಪರಂಪರೆಗೇ ಮಾಡುವ ಅವಮಾನ.

ಅವಮಾನದ ಮಾತು ಹಾಗಿರಲಿ, ಅಪಾಯವೂ ಇದೆ. ವರ್ಷಗಟ್ಟಲೆ ಕುಡಿದು ಯಕೃತ್ತು ಗಟ್ಟಿಯಾದ ಹಲವರ ಅನ್ನನಾಳದ ಬುಡದಲ್ಲಿ ರಕ್ತನಾಳಗಳು ಉಬ್ಬಿ ತೆಳ್ಳಗಾಗಿರುತ್ತವೆ. ಅಂಥವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಕುಂಜಲ ಕ್ರಿಯೆ ಮಾಡಿಸಿದರೆ ರಕ್ತವೇ ಬರಬಹುದು. ಹೊಟ್ಟೆಯನ್ನು ಜೋರಾಗಿ ಬಡಿಯುವ ಕಪಾಲಭಾತಿ, ಭಸ್ತ್ರಿಕಗಳೂ ಅವರಿಗೆ ಸಲ್ಲ. ಪ್ರಕೃತಿ ಚಿಕಿತ್ಸೆಯ ಹೆಸರಿನಲ್ಲಿ ಉಪವಾಸ ಹಾಕುವುದು, ಮೊದಲೇ ಊಟವಿಲ್ಲದೆ ಸೊರಗಿದ ದೇಹಕ್ಕೆ, ಥಯಮಿನ್ ಬತ್ತಿಹೋದ ಮೆದುಳಿಗೆ, ನೇರವಾಗಿ ಹಾನಿ. ಹೆರಾಯಿನ್ ಮುಂತಾದ ಅಫೀಮು ಜಾತಿಯ ವಸ್ತುಗಳ ವ್ಯಸನಿಗಳ ವಿಷಯ ಇನ್ನೂ ಸೂಕ್ಷ್ಮ. ಬ್ಯುಪ್ರೆನಾರ್ಫಿನ್‌ನಂತಹ ಔಷಧದ ಆಸರೆಯಿಲ್ಲದೆ ಕೇವಲ ಧ್ಯಾನ, ಮಾಲೀಸುಗಳಿಂದ ಕೆಲವು ವಾರ ಬಿಡಿಸಿ ಮನೆಗೆ ಕಳಿಸಿದರೆ, ಅವರ ದೇಹದ ತಾಳಿಕೆ ಅಷ್ಟರಲ್ಲಿ ಕುಸಿದಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡವರು ಸಾಯಬಹುದು. ಯೋಗ ಶಿಕ್ಷಕರ ತರಬೇತಿಯಲ್ಲಿ ಗರ್ಭಿಣಿಯರಿಗೆ, ರಕ್ತದೊತ್ತಡದವರಿಗೆ ಏನು ಮಾಡಿಸಬಾರದು ಎಂದು ಹೇಳಿಕೊಡುವಂತೆ, ಕುಡಿತ ಬಿಟ್ಟವರಿಗೆ ಏನು ಮಾಡಿಸಬಾರದು ಎಂಬುದನ್ನೂ ಹೇಳಿಕೊಡಬೇಕು.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಯೋಗ ಎಂದರೆ ನಮಗೆ ಬೆಳಿಗ್ಗೆ ಐದೂವರೆ. ಬ್ರಾಹ್ಮೀ ಮುಹೂರ್ತ, ಖಾಲಿ ಹೊಟ್ಟೆ, ತಂಪು ಹವೆ, ಎಲ್ಲ ಸರಿ. ಆದರೆ ಶಿಬಿರದಿಂದ ಊರಿಗೆ ಮರಳಿದ ಕೂಲಿಕಾರನಿಗೆ ಕಂಟಕ ಕಾದಿರುವುದು ಸಂಜೆ ಆರಕ್ಕೆ. ಕೂಲಿ ಕೈಗೆ ಬಿದ್ದಿರುತ್ತದೆ, ಮೈ ದಣಿದಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಜೊತೆಗಾರರು ಅಂಗಡಿಯ ಕಡೆ ತಿರುಗಿರುತ್ತಾರೆ. ನಮ್ಮ ಶಿಬಿರಕ್ಕೆ ಬಂದಿದ್ದ ಕೊನೆಗಾರರೊಬ್ಬರು ಇದನ್ನು ನೇರವಾಗಿಯೇ ಹೇಳಿದರು. ಅಡಿಕೆ ಮರ ಏರಿ, ಒಂದು ಮರದಿಂದ ಇನ್ನೊಂದು ಮರಕ್ಕೆ ಬಾಗಿ ದಾಟುವ ಕೆಲಸ ಅವರದು. ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಕೈ ನಡುಗಲು ಶುರುವಾದ ಮೇಲೆ ಹೆದರಿ ಕುಡಿತ ಬಿಡಲು ಬಂದವರು. ‘ಮೇಷ್ಟ್ರೇ, ಬೆಳಿಗ್ಗೆ ನಿಮ್ಮ ಉಸಿರಾಟ ಸರಿ. ಬೆಳಿಗ್ಗೆ ನಂಗೆ ಕುಡೀಬೇಕು ಅಂತ ಅನ್ನಿಸೋದೇ ಇಲ್ಲ ಈಗ. ಸಂಜೆ ತೋಟದಿಂದ ಇಳಿದು ಬರೋವಾಗ ಗಂಟಲು ಒಣಗತ್ತಲ್ಲ, ಆವಾಗ ಯಾರು ಹೇಳಿಕೊಡ್ತಾರೆ?’ ಅವರ ಪ್ರಶ್ನೆಗೆ ನಮ್ಮ ಯಾವ ಯೋಜನೆಯಲ್ಲಿಯೂ ಉತ್ತರವಿಲ್ಲ.

ಆ ನಂತರ ನಮ್ಮೂರಿನಲ್ಲಿ, ಶಾಲೆಯ ಮೈದಾನದಲ್ಲಿ, ಸಂಜೆ ಹೊತ್ತು ಒಂದು ವಾಲಿಬಾಲ್ ಬಲೆ ಕಟ್ಟಿಸಿದೆವು. ಮೊದಲು ಅವಲಕ್ಕಿ ಅಥವಾ ಬಾಳೆಹಣ್ಣು, ಏಕೆಂದರೆ ಹಸಿವನ್ನೂ ಕುಡಿತದ ತುಡಿತವನ್ನೂ ದೇಹ ಬೇರ್ಪಡಿಸಿ ಹೇಳುವುದಿಲ್ಲ. ಆಮೇಲೆ ಅರ್ಧ ಗಂಟೆ ಆಟ, ಕೊನೆಗೆ ಹತ್ತು ನಿಮಿಷ ಗೋಡೆಗೊರಗಿ ಉಸಿರಾಟ, ಶವಾಸನ. ಆಟಕ್ಕೆ ಬಂದವರೆಲ್ಲ ಕುಡಿತ ಬಿಟ್ಟರು ಎಂದು ನಾನು ಹೇಳುವುದಿಲ್ಲ. ಕೆಲವರು ಮತ್ತೆ ಶುರುಮಾಡಿದರು, ಅವರಲ್ಲಿ ಒಬ್ಬಿಬ್ಬರು ನಾಚಿಕೆಯಿಂದ ಮೈದಾನದ ಆಚೆಯ ರಸ್ತೆಯಲ್ಲಿ ತಲೆತಗ್ಗಿಸಿ ಹೋಗುತ್ತಾರೆ. ಅವರನ್ನು ಕೂಗಿ ಕರೆದು ಚೆಂಡು ಎಸೆಯುವುದು ನಮ್ಮ ರೂಢಿ. ಆದರೆ ಬರುವವರು ಬರುವುದಕ್ಕೆ ಕಾರಣ ಆಸನವಲ್ಲ, ಆಟ. ಆಟದ ನೆಪದಲ್ಲಿ ಏಳೂವರೆಯವರೆಗೆ ಹೊತ್ತು ಸರಿಯುತ್ತದೆ, ಮನೆಗೆ ಹೋಗಿ ಉಂಡು ಮಲಗಿದರೆ ನಿದ್ರೆ ಬರುತ್ತದೆ. ಕರಾವಳಿಯಲ್ಲಾದರೆ ಇದು ಯಕ್ಷಗಾನದ ಹೆಜ್ಜೆಯ ಅಭ್ಯಾಸವಾಗಬಹುದು, ನಮ್ಮಲ್ಲಿ ಡೊಳ್ಳು ಆಗಬಹುದು, ಇನ್ನೊಂದೆಡೆ ಭಜನೆಯೇ ಆಗಬಹುದು. ಉಸಿರು, ಬೆವರು, ದನಿ, ಜೊತೆಗಾರರು, ಈ ನಾಲ್ಕೂ ಇದ್ದರೆ ಸಾಕು.

ಇದಕ್ಕೆ ಸರ್ಕಾರ ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಈಗಾಗಲೇ ಇದೆ. ಆಯುಷ್ ಕ್ಷೇಮ ಕೇಂದ್ರಗಳಲ್ಲಿ ಗೌರವಧನದ ಮೇಲೆ ದುಡಿಯುವ ಯೋಗ ತರಬೇತುದಾರರಿದ್ದಾರೆ. ಶಿಬಿರ ಮುಗಿಸಿದವರನ್ನು ಒಟ್ಟಿಗೆ ಹಿಡಿದಿಡುವ ನವಜೀವನ ಸಮಿತಿಗಳು ಊರುಗಳಲ್ಲಿವೆ. ಪಟ್ಟಣಗಳಲ್ಲಿ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳಿವೆ. ಈ ನಾಲ್ವರೂ ಒಬ್ಬರನ್ನೊಬ್ಬರು ಭೇಟಿಯಾಗುವುದಿಲ್ಲ. ಮಂಗಳವಾರದ ಮನೋವೈದ್ಯರು ಔಷಧ ಚೀಟಿಯ ಕೆಳಗೆ ‘ಯೋಗಕ್ಕೆ ಯೋಗ್ಯ, ಉಪವಾಸ ಮತ್ತು ಕುಂಜಲ ಬೇಡ’ ಎಂದು ಒಂದು ಸಾಲು ಬರೆದು ತರಬೇತುದಾರರ ಬಳಿಗೆ ಕಳಿಸಿದರೆ, ತರಬೇತುದಾರರ ವೇಳಾಪಟ್ಟಿಯಲ್ಲಿ ವಾರಕ್ಕೆ ಕೆಲವು ಸಂಜೆಗಳನ್ನು ಇದಕ್ಕೆಂದು ಮೀಸಲಿಟ್ಟರೆ, ಅರ್ಧ ಕೆಲಸ ಆದಂತೆ. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟದ್ದೇ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ರಾಜ್ಯಕ್ಕೆ ಇದು ಭಾರವಾಗಬಾರದು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡಿರುವ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ನೆರವು ಸಿಕ್ಕಿದೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಉಳಿದವರಿಗೆ ಊರಿನ ಮೈದಾನವೇ ಹತ್ತಿರ.

ಹೆಂಗಸರ ವಿಷಯ ಪ್ರತ್ಯೇಕವಾಗಿ ಬರೆಯಬೇಕಾದಷ್ಟಿದೆ. ಶಿಬಿರದ ಕೊನೆಯ ದಿನ ಹೂಹಾರ ಹಾಕಿಸಿಕೊಳ್ಳಲು ಬರುವ ಹೆಂಡತಿಯರಲ್ಲಿ ಸೊಂಟನೋವು, ತಲೆಸಿಡಿತ, ನಿದ್ರೆಯಿಲ್ಲದ ಕಣ್ಣು ಇಲ್ಲದವರನ್ನು ನಾನು ಕಂಡಿಲ್ಲ. ವರ್ಷಗಟ್ಟಲೆ ರಾತ್ರಿ ಬಾಗಿಲ ಸದ್ದಿಗೆ ಬೆಚ್ಚಿ ಎದ್ದ ದೇಹ ಅವರದು. ಗಂಡ ಬಿಟ್ಟ ಮೇಲೂ ಆ ಬೆಚ್ಚುವಿಕೆ ನಿಲ್ಲುವುದಿಲ್ಲ. ಅವರಿಗೂ ಒಂದು ಸಂಜೆ ಬೇಕು, ಹೆಣ್ಣು ತರಬೇತುದಾರರೇ ಬೇಕು. ತಾವೇ ಕುಡಿತಕ್ಕೆ ಸಿಕ್ಕ ಹೆಂಗಸರಂತೂ ಗಂಡಸರ ಶಿಬಿರದ ಹೊಸ್ತಿಲನ್ನೂ ತುಳಿಯಲಾರರು.

ಕಾನೂನಿನ ಬಗ್ಗೆಯೂ ಒಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ, ಅದು ಆಯುರ್ವೇದದ್ದಿರಲಿ, ಯೋಗ ಮತ್ತು ಪ್ರಕೃತಿ ಚಿಕಿತ್ಸೆಯದ್ದಿರಲಿ, ನೋಂದಣಿ ಮಾಡಿಸಲೇಬೇಕು. ಯಾರನ್ನೂ ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಿಹಾಕುವಂತಿಲ್ಲ. ಹೀಗಿದ್ದೂ, ರಾತ್ರೋರಾತ್ರಿ ವ್ಯಾನಿನಲ್ಲಿ ಹೊತ್ತೊಯ್ದು ಕೂಡಿಹಾಕುವ, ಬೈದರೆ ಬಸ್ಕಿ ಹೊಡೆಸುವ, ಅದನ್ನೇ ‘ಶಿಸ್ತಿನ ಯೋಗ’ ಎಂದು ಕರೆಯುವ ಜಾಗಗಳ ಸುದ್ದಿ ಶಿಬಿರಾರ್ಥಿಗಳ ಬಾಯಿಂದ ಕೇಳಿಬರುತ್ತಲೇ ಇದೆ. ಮೂವತ್ತು ವರ್ಷ ಮಕ್ಕಳಿಗೆ ಕವಾಯತು ಮಾಡಿಸಿದವನಾಗಿ ಹೇಳುತ್ತೇನೆ, ಶಿಕ್ಷೆಯಾಗಿ ಮಾಡಿಸಿದ ವ್ಯಾಯಾಮವನ್ನು ಯಾವ ದೇಹವೂ ಪ್ರೀತಿಯಿಂದ ನೆನೆಯುವುದಿಲ್ಲ. ಜಿಲ್ಲಾಡಳಿತಗಳು ತಮ್ಮ ವ್ಯಾಪ್ತಿಯ ನೋಂದಾಯಿತ ಕೇಂದ್ರಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಿಸಿದರೆ, ದಿಕ್ಕುಗಾಣದ ಮನೆಯವರು ಸಿಕ್ಕಸಿಕ್ಕಲ್ಲಿಗೆ ಹಣ ಕಟ್ಟುವುದು ತಪ್ಪುತ್ತದೆ.

ಕೊನೆಯದಾಗಿ, ತಮ್ಮಲ್ಲಿ ಮತ್ತು ತಮ್ಮ ವೃತ್ತಿಬಾಂಧವರಲ್ಲಿ ಒಂದು ವಿನಂತಿ. ಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳಲ್ಲಿ ‘ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂಬ ಸಾಲುಗಳು ಬರುತ್ತಿರುತ್ತವೆ, ಬಹುತೇಕ ‘ಗಿಡಮೂಲಿಕೆ’ ಎಂಬ ಹೆಸರಿನಲ್ಲಿ. ಇಂಥ ಪುಡಿಗಳಲ್ಲಿ ಏನಿದೆ ಎಂದು ಕೊಳ್ಳುವ ತಾಯಿಗಾಗಲಿ ಹೆಂಡತಿಗಾಗಲಿ ತಿಳಿಯುವ ದಾರಿಯೇ ಇಲ್ಲ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ವೈದ್ಯರು ರೋಗಿಯ ಒಪ್ಪಿಗೆ ಪಡೆದು, ಅದರ ಮೇಲೆ ಕುಡಿದರೆ ಏನಾಗುತ್ತದೆ ಎಂದು ವಿವರಿಸಿಯೇ ಕೊಡುತ್ತಾರೆ. ಅದನ್ನು ತಿಳಿಯದೆ ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾವಿನ ಅಂಚಿಗೂ ಹೋಗಬಹುದು. ಇಂಥ ಜಾಹೀರಾತುಗಳನ್ನು ನಿರಾಕರಿಸಿ, ಆ ಜಾಗದಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿಯ 14446 ಎಂಬ ಎರಡು ಉಚಿತ ಸಂಖ್ಯೆಗಳನ್ನು ದಿನವೂ ಮುದ್ರಿಸುವಂತೆ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ